ಎಡಗಡೆಯ ಫೋರ್ಕು

ಪೊಲೀಸರು ಬೈಕನ್ನು ಬಿಟ್ಟುಕೊಟ್ಟಾಗ ಅವನ ಭಾವಮೈದ ತೀರಿಕೊಂಡು ಏಳು ವಾರ ಕಳೆದಿತ್ತು. ಸಾಮಾನು ಸಾಗಿಸುವ ಟೆಂಪೋದಲ್ಲಿ ಅದನ್ನು ಅಡ್ಡ ಮಲಗಿಸಿ, ಹಗ್ಗ ಬಿಗಿದು, ಹಿತ್ತಲಿನ ತನಕ ತಂದು ಇಳಿಸಿದರು. ಮುಂದಿನ ಚಕ್ರ ಸೊಟ್ಟಗಾಗಿ ತಿರುಗುತ್ತಲೇ ಇರಲಿಲ್ಲ. ಇಬ್ಬರು ಆಳುಗಳು ಮುಂಭಾಗವನ್ನು ಎತ್ತಿ ಹಿಡಿದುಕೊಂಡೇ ನಡೆಯಬೇಕಾಯಿತು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಒಮ್ಮೆ ಇಣುಕಿದಳು. ಮರುಕ್ಷಣ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

"ಇದನ್ನ ಯಾಕ್ರೀ ಮನೆಗೆ ತಂದ್ರಿ? ಅಲ್ಲಿಂದಲೇ ಗುಜರಿಗೆ ಹಾಕ್ಬಹುದಿತ್ತಲ್ಲ" ಎಂದಳು, ಅವನು ಕೈತೊಳೆಯಲು ಒಳಗೆ ಬಂದಾಗ.

"ಹಾಕ್ತೀನಿ. ಒಂದು ವಾರ ಇರ್ಲಿ."

"ಇಟ್ಕೊಂಡು ಏನ್ ಮಾಡ್ತೀರಿ?"

ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋದ.

ಅವನು ಹೊಲಿಗೆ ಯಂತ್ರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಇಪ್ಪತ್ತೇಳು ವರ್ಷಗಳಿಂದ ಊರಿನ ದರ್ಜಿಗಳೆಲ್ಲ ತಮ್ಮ ಯಂತ್ರಗಳನ್ನು ಹೊತ್ತು ತರುತ್ತಿದ್ದುದು ಅವನ ಬಳಿಗೇ. ಏನನ್ನೇ ಬಿಚ್ಚಿದರೂ ಒಂದೊಂದು ಭಾಗದ ಸ್ಕ್ರೂಗಳನ್ನು ಒಂದೊಂದು ತಟ್ಟೆಯಲ್ಲಿಟ್ಟು, ತಟ್ಟೆಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ತೆರೆದಿಟ್ಟ ಪ್ರತಿ ರಂಧ್ರಕ್ಕೂ ಧೂಳು ಹೋಗದಂತೆ ಏನಾದರೊಂದು ಮುಚ್ಚಿಡುವುದು ಅವನ ಪದ್ಧತಿ. ಭಾವಮೈದ ಅವನಿಗೆ 'ತಟ್ಟೆ ಭಾವ' ಎಂದೇ ಹೆಸರಿಟ್ಟಿದ್ದ. "ನಮ್ಮ ತಟ್ಟೆ ಭಾವ ಊಟಕ್ಕೆ ಕೂತ್ರೂ ಅಷ್ಟೇ, ಅನ್ನ ಒಂದು ಕಡೆ, ಪಲ್ಯ ಒಂದು ಕಡೆ. ಒಂದಕ್ಕೊಂದು ತಾಗಿದ್ರೆ ಜೀವ ಹೋಗುತ್ತೆ" ಎಂದು ಅಕ್ಕನ ಮುಂದೆ ನಗುತ್ತಿದ್ದ.

ಭಾವಮೈದ ಊರಿನ ಈಜುಕೊಳದಲ್ಲಿ ಈಜು ಕಲಿಸುತ್ತಿದ್ದ. ಮೂವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಕೊಳದ ಪಕ್ಕದ ಬೀದಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಊಟ ಮಾತ್ರ ಅಕ್ಕನ ಮನೆಯಲ್ಲಿ. ಯಾವಾಗ ಬಂದರೂ ತಲೆ ಒದ್ದೆ, ಮೈಯೆಲ್ಲ ಕೊಳದ ಕ್ಲೋರಿನ್ ವಾಸನೆ. ಅವನಿಗೆ ನಾಲ್ಕು ವರ್ಷವಿದ್ದಾಗಲೇ ತಾಯಿ ಹೋದಳು. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ತಲೆ ಬಾಚಿ, ಉಣಿಸಿ, ಶಾಲೆಗೆ ಕಳಿಸಿ ಬೆಳೆಸಿದ್ದಳು. ಈ ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಆ ಮನೆಯಲ್ಲಿ ಮಗ ಎಂದರೂ ಅವನೇ, ತಮ್ಮ ಎಂದರೂ ಅವನೇ.

ಬೈಕು ಅಕ್ಕ-ತಮ್ಮನ ಅಪ್ಪನದು. ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೂ ಮಗಳನ್ನು ಹಿಂದೆಯೂ ಕೂರಿಸಿಕೊಂಡು ಅಪ್ಪ ಅದರಲ್ಲಿ ಓಡಾಡುತ್ತಿದ್ದ ಕಾಲವೊಂದಿತ್ತು. ಅಪ್ಪ ಸತ್ತ ಮೇಲೆ ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಕಳೆದ ವರ್ಷ ಭಾವಮೈದನಿಗೆ ಅದನ್ನು ಎಬ್ಬಿಸುವ ಹುಚ್ಚು ಹತ್ತಿತು. ಎಂಜಿನ್ನನ್ನು ಗ್ಯಾರೇಜಿನಲ್ಲಿ ಮಾಡಿಸಿದ. ಮುಂದಿನ ಫೋರ್ಕುಗಳ ಸರದಿ ಬಂದಾಗ, "ಗ್ಯಾರೇಜಿನೋರು ಸುತ್ತಿಗೇಲಿ ಹೊಡೆದು ಬಿಚ್ತಾರೆ ಭಾವ. ನೀವೇ ಮಾಡಿಕೊಡಿ. ನಿಮ್ಮ ಕೈಗೆ ಕೊಟ್ರೆ ನನಗೆ ಧೈರ್ಯ" ಎಂದ.

ಆ ಮಾತಿಗೆ ಅವನು ಉಬ್ಬಿಹೋಗಿದ್ದ.

ನಾಲ್ಕು ಭಾನುವಾರ ಇಬ್ಬರೂ ಹಿತ್ತಲಿನಲ್ಲಿ ಕೂತು ಆ ಕೆಲಸ ಮಾಡಿದ್ದರು. ಬೈಕಿನ ಹೊಟ್ಟೆಯಡಿ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ, ಮಡ್‌ಗಾರ್ಡು ತೆಗೆದು, ಎರಡೂ ಫೋರ್ಕುಗಳನ್ನು ಕೆಳಕ್ಕೆ ಎಳೆದುಕೊಂಡರು. ಒಂದೊಂದು ಫೋರ್ಕೆಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ, ಒಳಗೆ ಉದ್ದನೆಯ ಸ್ಪ್ರಿಂಗು, ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸಲು ಎಣ್ಣೆ, ಎಣ್ಣೆ ಸೋರದಂತೆ ರಬ್ಬರಿನ ಸೀಲು. ಇಪ್ಪತ್ತು ವರ್ಷದ ಎಣ್ಣೆ ಕೆಸರಿನಂತೆ ಕಪ್ಪಗೆ, ಕೊಳೆತ ಮೀನಿನ ವಾಸನೆ ಹೊಡೆಯುತ್ತ ಇಳಿಯಿತು. ಸ್ಪ್ರಿಂಗು, ಸೀಲು ಎರಡನ್ನೂ ಹೊಸದು ತಂದರು. ಹಳೆಯ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಕೆರೆದರು. ಒರಟು ಎಮರಿ ಕಾಗದ, ಆಮೇಲೆ ನಯವಾದದ್ದು, ಕೊನೆಗೆ ನೀರಿನಲ್ಲಿ ಅದ್ದಿ ಉಜ್ಜುವಷ್ಟು ನಯವಾದದ್ದು ಹಿಡಿದು ತಿಕ್ಕಿದರು. ಪ್ರೈಮರ್ ಹೊಡೆದು, ಕಪ್ಪು ಬಣ್ಣ ಮೂರು ಸಲ ಹೊಡೆದರು. ಕೆಳಗಿನ ಅಲ್ಯೂಮಿನಿಯಂ ಕೊಳವೆಗಳನ್ನು ಮುಖ ಕಾಣುವಷ್ಟು ಪಾಲಿಶ್ ಮಾಡಿದ ಭಾವಮೈದ ಅದರಲ್ಲೇ ಮೀಸೆ ತಿರುವಿಕೊಂಡು, "ಅಕ್ಕಾ, ಇನ್ನು ಕನ್ನಡಿ ತರಬೇಡ" ಎಂದು ಕೂಗಿದ್ದ.

ಓಡಿಸಲು ಶುರುಮಾಡಿ ತಿಂಗಳಾದ ಮೇಲೆ ಒಂದು ದಿನ ಊಟ ಮುಗಿಸಿ ಏಳುತ್ತ ಭಾವಮೈದ ಹೇಳಿದ್ದ, "ಭಾವ, ಮುಂದೆ ಸ್ವಲ್ಪ ಕುಣಿಯುತ್ತೆ. ಹಳ್ಳ ಸಿಕ್ರೆ ಎಡಗಡೆ ಟಕ್ ಅಂತ ಸದ್ದು ಬರುತ್ತೆ."

"ಹೊಸ ಸ್ಪ್ರಿಂಗು ಅಲ್ವೇನೋ. ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದಿದ್ದ ಅವನು. ಅಂದು ಅಂಗಡಿಯ ಮೇಜಿನ ಮೇಲೆ ಎರಡು ಯಂತ್ರ ಬಿಚ್ಚಿ ಬಿದ್ದಿದ್ದವು. ಎದ್ದು ಹೋಗಿ ಒಮ್ಮೆ ಬೈಕಿನ ಹ್ಯಾಂಡಲ್ ಅದುಮಿ ನೋಡಿದ್ದರೂ ಸಾಕಿತ್ತು. ನೋಡಲಿಲ್ಲ.

ಆಮೇಲೆ ಎರಡು ತಿಂಗಳಿಗೆ ಭಾವಮೈದ ನೀರಿನ ಟ್ಯಾಂಕಿನ ತಿರುವಿನಲ್ಲಿ ಬಿದ್ದ. ಯಾರೋ ಮನೆ ಕಟ್ಟಲು ಇಳಿಸಿದ್ದ ಮರಳು ಅರ್ಧ ರಸ್ತೆಗೆ ಹರಡಿತ್ತು. ಬೆಳಗಿನ ಏಳು ಗಂಟೆ. ಎದುರಿಗೆ ಬೇರೆ ಗಾಡಿ ಇರಲಿಲ್ಲ, ಕಂಡವರೂ ಯಾರಿಲ್ಲ. ತಲೆ ರಸ್ತೆ ಬದಿಯ ಕಲ್ಲಿಗೆ ಬಡಿದಿತ್ತು. ಮರಳಿನ ಮೇಲೆ ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದರು. ಬರೆದದ್ದನ್ನು ಎಲ್ಲರೂ ನಂಬಿದರು. ಅವನಿಗೆ ಮಾತ್ರ ಆ 'ಟಕ್' ಎಂಬ ಸದ್ದು ಏಳು ವಾರದಿಂದ ಕಿವಿಯಲ್ಲಿ ಕೂತುಬಿಟ್ಟಿತ್ತು.

ಬೈಕು ಬಂದ ಮರುದಿನ ಮಧ್ಯಾಹ್ನ ಹೆಂಡತಿ ಪಕ್ಕದ ಮನೆಗೆ ಹೋದಾಗ ಅವನು ತಟ್ಟೆಗಳನ್ನು ಹಿತ್ತಲಿಗೆ ಒಯ್ದ. ಚಕ್ರ ಬಿಚ್ಚಲು ಒಂದು ಗಂಟೆ ಹಿಡಿಯಿತು. ಬಾಗಿದ ಅಚ್ಚು ಸುಲಭಕ್ಕೆ ಬಿಡಲಿಲ್ಲ. ಪ್ರತಿ ಫೋರ್ಕಿನ ಬುಡದಲ್ಲೂ ಎಣ್ಣೆ ಇಳಿಸಲು ಒಂದು ಪುಟ್ಟ ಸ್ಕ್ರೂ ಇರುತ್ತದೆ. ಬಲಗಡೆಯದನ್ನು ತಿರುಗಿಸಿದ. ಕೆಂಪಗಿನ ಶುಭ್ರ ಎಣ್ಣೆ ಎಳೆಯಾಗಿ ಡಬ್ಬಿಗೆ ಇಳಿಯತೊಡಗಿತು. ಅದು ಪೂರ್ತಿ ನಿಲ್ಲುವ ತನಕ ಕಾದ. ಆಮೇಲೆ ಎಡಗಡೆಯದನ್ನು ತಿರುಗಿಸಿದ.

ಏನೂ ಬರಲಿಲ್ಲ. ಸ್ಕ್ರೂವಿನ ತುದಿಯಲ್ಲಿ ಒಂದು ಹನಿ ನೇತಾಡಿತು, ಬೀಳಲಿಲ್ಲ.

ರಂಧ್ರ ಕಟ್ಟಿರಬಹುದೆಂದು ತಂತಿ ತೂರಿಸಿದ. ತಂತಿ ಸಲೀಸಾಗಿ ಒಳಗೆ ಹೋಯಿತು. ಇಡೀ ಫೋರ್ಕನ್ನೇ ಕಳಚಿ, ಮೇಲಿನ ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಹಿಡಿದ. ಸ್ಪ್ರಿಂಗು ಖಣಖಣ ಎಂದು ಜಾರಿ ಬಂತು. ಅದರ ಸುರುಳಿಗಳು ಒಣಗಿದ್ದವು. ಜೋಡಿಸುವಾಗ ಬೆರಳಿನಲ್ಲಿ ಸವರಿದ್ದ ಜಿಡ್ಡು ಅಲ್ಲಲ್ಲಿ ಹೊಳೆಯುತ್ತಿತ್ತು, ಅಷ್ಟೇ.

ಹಿತ್ತಲಿನ ಮೆಟ್ಟಿಲ ಮೇಲೆ ಕೂತುಕೊಂಡ. ಎಡಗಡೆಯ ಪೈಪು ಬಿದ್ದ ಏಟಿಗೆ ಬಾಗಿತ್ತು, ಸೀಲು ಹರಿದಿತ್ತು. ಹಾಗಾದರೆ ಎಣ್ಣೆ ಬಿದ್ದ ಮೇಲೆ ಸೋರಿಹೋಗಿರಬಹುದು. ರಸ್ತೆಯ ಮೇಲೆ ಚೆಲ್ಲಿರಬಹುದು, ಠಾಣೆಯ ಅಂಗಳದಲ್ಲಿ ಏಳು ವಾರ ಹನಿಹನಿಯಾಗಿ ಇಳಿದಿರಬಹುದು. ಹೌದು, ಹಾಗೇ ಆಗಿರಬೇಕು. ಎರಡು ದಿನ ಅದೊಂದೇ ನೆಪಕ್ಕೆ ಜೋತುಬಿದ್ದ. ಊಟ ಮಾಡಿದ. ಒಬ್ಬ ದರ್ಜಿಯ ಜೊತೆ ಹವಾಮಾನದ ಮಾತಾಡಿದ. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಣ್ಣೆಯ ಡಬ್ಬ ನೆನಪಾಯಿತು.

ಒಂದು ಲೀಟರಿನ ಡಬ್ಬ. ಈ ಕೆಲಸಕ್ಕೆಂದೇ ತಂದದ್ದು, ಬೇರೆ ಯಾವುದಕ್ಕೂ ಮುಟ್ಟಿರಲಿಲ್ಲ. ಒಂದೊಂದು ಫೋರ್ಕಿಗೆ ಇನ್ನೂರು ಮಿಲಿ. ಎರಡಕ್ಕೂ ಹಾಕಿದ್ದರೆ ಆರುನೂರು ಉಳಿಯಬೇಕು.

ಬಾಯಿ ಮುಕ್ಕಳಿಸಿದವನೇ ಕಪಾಟಿನ ಮೇಲಿಂದ ಡಬ್ಬ ಇಳಿಸಿದ. ಎತ್ತಿದ ಕೂಡಲೇ ಕೈಗೆ ಗೊತ್ತಾಗಿಹೋಯಿತು. ಆದರೂ ಅಳೆದ. ಗೆರೆ ಹಾಕಿದ ಬಾಟಲಿಗೆ ಸುರಿದು, ಬೇರೆ ಪಾತ್ರೆಗೆ ಬಗ್ಗಿಸಿ, ಮತ್ತೆ ಸುರಿದು ಅಳೆದ. ಎಂಟುನೂರು. ಪಾತ್ರೆಯಿಂದ ಬಾಟಲಿಗೆ ತಿರುಗಿ ಇನ್ನೊಮ್ಮೆ ಅಳೆದ. ಎಂಟುನೂರೇ.

ಆಗ ಆ ನಾಲ್ಕನೆಯ ಭಾನುವಾರ ಕಣ್ಣಿಗೆ ಕಟ್ಟಿದಂತೆ ಎದ್ದು ಬಂತು. ಬಲಗಡೆಗೆ ಎಣ್ಣೆ ಸುರಿದಾಗಿತ್ತು. ಎಡಗಡೆಗೆ ಬಾಟಲಿ ತುಂಬಿಸಬೇಕು ಎನ್ನುವಷ್ಟರಲ್ಲಿ ಒಳಗಿಂದ ಹೆಂಡತಿ, "ರೀ, ಬೇಗ ಬನ್ರೀ! ನಲ್ಲಿ ಕಿತ್ತು ಬಂತು!" ಎಂದು ಕಿರುಚಿದ್ದಳು. ಎಂದಿನ ಅಭ್ಯಾಸದಂತೆ, ಧೂಳು ಹೋಗದಿರಲೆಂದು ಎಡಗಡೆಯ ಮುಚ್ಚಳವನ್ನೂ ಬೆರಳಿನಲ್ಲಿ ಎರಡು ಸುತ್ತು ತಿರುಗಿಸಿಟ್ಟು ಓಡಿದ್ದ. ನೀರು ಚಾವಣಿಗೆ ಚಿಮ್ಮುತ್ತಿತ್ತು. ನಿಲ್ಲಿಸಿ ಹೊರಬರುವಾಗ ತಲೆಯಿಂದ ಕಾಲಿನ ತನಕ ತೊಯ್ದು ತೊಪ್ಪೆಯಾಗಿದ್ದ. ಹೆಡ್‌ಲೈಟ್ ಒರೆಸುತ್ತ ಕೂತಿದ್ದ ಭಾವಮೈದ ಅವನನ್ನು ನೋಡಿ, "ಏನ್ ಭಾವ, ನನ್ನ ಹತ್ರ ಬರೋಕೆ ನಾಚಿಕೆ ಅಂತ ಮನೇಲೇ ಈಜು ಕಲಿಯೋಕೆ ಶುರು ಮಾಡಿದ್ರಾ?" ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ಅವನು ಸ್ಪ್ಯಾನರ್ ಎತ್ತಿಕೊಂಡು, ಎರಡೂ ಮುಚ್ಚಳಗಳು ತಮ್ಮ ಜಾಗದಲ್ಲಿರುವುದನ್ನು ನೋಡಿ, ಎರಡನ್ನೂ ಬಿಗಿಯಾಗಿ ತಿರುಗಿಸಿಬಿಟ್ಟ.

ಅಂದು ಅವನು ಅಂಗಡಿ ತೆರೆಯಲಿಲ್ಲ. ಊರ ಇನ್ನೊಂದು ಕೊನೆಯ ಹಳೆಯ ಗ್ಯಾರೇಜಿಗೆ ನಡೆದುಕೊಂಡೇ ಹೋದ. ಅಲ್ಲಿಯ ಮುದುಕ ಮೆಕ್ಯಾನಿಕ್ ಮಂಡಿನೋವಿನಿಂದ ಸದಾ ಕಾಲು ಅಗಲಿಸಿ ನಿಲ್ಲುತ್ತಿದ್ದ. ಊರಿಗೆಲ್ಲ ಅವನು 'ಡಬಲ್ ಸ್ಟ್ಯಾಂಡ್'. ಹಾಗೆ ಕರೆದರೆ ಅವನಿಗೂ ಬೇಸರವಿರಲಿಲ್ಲ.

"ಒಂದು ಕೇಳ್ಬೇಕಿತ್ತು. ಹಳೇ ಗಾಡಿ. ಒಂದು ಕಡೆ ಫೋರ್ಕಲ್ಲಿ ಎಣ್ಣೆ ಇಲ್ದೇ ಇದ್ರೆ ಏನಾಗುತ್ತೆ?"

"ಎರಡರಲ್ಲೂ ಇಲ್ವೋ, ಒಂದರಲ್ಲೋ?"

"ಒಂದರಲ್ಲಿ."

"ಓಡುತ್ತೆ. ಸ್ವಲ್ಪ ಕುಣಿಯುತ್ತೆ, ಸದ್ದು ಮಾಡುತ್ತೆ. ಓಡಿಸೋನಿಗೆ ಗೊತ್ತಾಗ್ಲೇಬೇಕು. ಅವನು ಏನೂ ಹೇಳ್ಲಿಲ್ವಾ?"

"ಹೇಳಿದ್ದ."

ಡಬಲ್ ಸ್ಟ್ಯಾಂಡ್ ಕೈಯಲ್ಲಿದ್ದ ಬಟ್ಟೆಚೂರನ್ನು ಕೆಳಗಿಟ್ಟು ಅವನ ಮುಖ ನೋಡಿದ. ಯಾರ ಗಾಡಿ ಎಂದು ಕೇಳಲಿಲ್ಲ. ಈಜು ಮೇಷ್ಟ್ರ ಸಾವು ಊರಿಗೆಲ್ಲ ಗೊತ್ತಿತ್ತು.

"ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿದ್ರೆ ಶೋರೂಮಿಂದ ಈಗ ತಂದ ಗಾಡೀನೂ ಬೀಳುತ್ತೆ" ಎಂದ ಮೆಲ್ಲಗೆ.

"ಎಣ್ಣೆ ಇದ್ದಿದ್ರೆ?"

"ಆಗ್ಲೂ ಬೀಳಬಹುದಿತ್ತು."

"ಬೀಳದೇನೂ ಇರಬಹುದಿತ್ತು?"

ಮುದುಕ ಬಟ್ಟೆಚೂರನ್ನು ಮತ್ತೆ ಎತ್ತಿಕೊಂಡು ಕೈ ಒರೆಸಿಕೊಂಡ. "ಅದನ್ನ ಯಾರು ಹೇಳ್ತಾರಪ್ಪಾ? ಐವತ್ತು ವರ್ಷ ಈ ಕೆಲಸ ಮಾಡಿದೀನಿ, ನನ್ನಿಂದ ಆಗಲ್ಲ. ಇನ್ಯಾರನ್ನೂ ಕೇಳೋಕೆ ಹೋಗ್ಬೇಡ. ಹೇಳ್ತೀನಿ ಅಂದೋನು ಸುಳ್ಳು ಹೇಳ್ತಾನೆ."

ಅವನು ಹೋದದ್ದು, ತಪ್ಪು ನಿನ್ನದೇ ಎಂದೋ ಅಲ್ಲವೇ ಅಲ್ಲ ಎಂದೋ ಯಾರಾದರೂ ಹೇಳಲಿ ಎಂದು. ಎರಡೂ ಸಿಗಲಿಲ್ಲ. ವಾಪಸು ಬರುವಾಗ ಟ್ಯಾಂಕಿನ ತಿರುವು ತಪ್ಪಿಸಲು ಎರಡು ಬೀದಿ ಸುತ್ತಿಕೊಂಡು ಬಂದ.

ಆಮೇಲಿನ ದಿನಗಳಲ್ಲಿ ಅವನು ಮಾಡಿದ್ದಕ್ಕೆ ಅರ್ಥವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಎಡಗಡೆಯ ಫೋರ್ಕನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ರಸ್ತೆಗೆ ಉಜ್ಜಿ ಗೀರಾಗಿದ್ದ ಕಡೆ ಬಣ್ಣ ಕೆರೆದು ಹೊಸದಾಗಿ ಎಮರಿ ಕಾಗದ ಹಿಡಿದ. ಬಾಗಿದ ಪೈಪು ಇನ್ನು ಯಾವ ಗಾಡಿಗೂ ಆಗುವಂಥದ್ದಲ್ಲ; ಆದರೂ ಅದರ ಗೀರುಗಳನ್ನು ಒಂದೊಂದಾಗಿ ತಿಕ್ಕಿದ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ತನಕ ತಿಕ್ಕುತ್ತಿದ್ದ. ಕೈ ಸುಮ್ಮನಾದರೆ ತಲೆ ಶುರುವಾಗುತ್ತಿತ್ತು, ಅದಕ್ಕೆ ಕೈ ನಿಲ್ಲಿಸುತ್ತಿರಲಿಲ್ಲ. ಅಂಗಡಿಯ ಬಾಗಿಲು ಬಡಿದು ಬಡಿದು ದರ್ಜಿಗಳು ವಾಪಸಾದರು. ಬೆರಳ ತುದಿಯ ಚರ್ಮ ಸವೆದು ಕೆಂಪಾಯಿತು.

ಒಂದು ವಾರ ಎಂದದ್ದು ಎರಡಾಯಿತು. ಒಂದು ಬೆಳಿಗ್ಗೆ ಹೆಂಡತಿ ಹಿತ್ತಲಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಅವನು ಬಾಗಿದ ಪೈಪಿಗೆ ಪ್ರೈಮರ್ ಹಚ್ಚುತ್ತಿದ್ದ.

"ಯಾರಿಗೆ ಇದು?"

ಅವನು ಬ್ರಷ್ಷನ್ನು ಮತ್ತೆ ಡಬ್ಬದಲ್ಲಿ ಅದ್ದಿದ.

"ನಿಮ್ಮನ್ನೇ ಕೇಳ್ತಿರೋದು. ಸತ್ತೋನು ಬಂದು ಓಡಿಸ್ತಾನಾ? ಅಂಗಡಿ ಮುಚ್ಚಿ, ಊಟ ಬಿಟ್ಟು, ಇದರ ಮುಂದೆ ಕೂತಿದೀರಲ್ಲ, ನನಗೆ ಹುಚ್ಚು ಹಿಡಿಸ್ಬೇಕು ಅಂತಾನಾ?"

"ಇದರಲ್ಲಿ ಎಣ್ಣೆ ಇರಲಿಲ್ಲ" ಎಂದ.

"ಏನು?"

"ಎಡಗಡೇದಕ್ಕೆ ನಾನು ಎಣ್ಣೆ ಹಾಕೇ ಇರಲಿಲ್ಲ. ಮರೆತುಬಿಟ್ಟೆ."

ಬ್ರಷ್ಷನ್ನು ಡಬ್ಬದ ಅಂಚಿಗೆ ಒರಗಿಸಿ ಎಲ್ಲವನ್ನೂ ಹೇಳಿದ. ಒಣಗಿದ ಸ್ಪ್ರಿಂಗು, ಎಂಟುನೂರು ಮಿಲಿ, ಅವಳ ತಮ್ಮ ಹೇಳಿದ್ದ 'ಟಕ್' ಸದ್ದು, ತಾನು ಎದ್ದು ಹೋಗಿ ನೋಡದೆ ಕೊಟ್ಟ ಉತ್ತರ, ಡಬಲ್ ಸ್ಟ್ಯಾಂಡ್ ಹೇಳಿದ ಮಾತು. ಒಂದನ್ನು ಮಾತ್ರ ಬಿಟ್ಟ. ಆದರೆ ಅವಳು ಅಲ್ಲಿಗೇ ಕೈಹಾಕಿದಳು.

"ನೀವು ಒಂದು ಸ್ಕ್ರೂ ಮರೆಯೋರಲ್ಲ. ಇದನ್ನ ಹೇಗೆ ಮರೆತ್ರಿ?"

"ಮಧ್ಯದಲ್ಲಿ ಎದ್ದು ಹೋಗಿದ್ದೆ."

"ಎಲ್ಲಿಗೆ?"

ಅವನು ಬ್ರಷ್ಷನ್ನೇ ನೋಡುತ್ತ ಕೂತ. ಅವಳು ಅಡುಗೆಮನೆಯ ಕಿಟಕಿಯ ಕಡೆ ತಿರುಗಿದಳು.

"ನಲ್ಲಿ" ಎಂದಳು. "ನಾನೇ ಕರೆದಿದ್ದು."

"ನೀನೇನ್ ಮಾಡ್ತೀಯ ಅದಕ್ಕೆ? ನೀರು ಚಿಮ್ತಾ ಇತ್ತು, ಕರೆದೆ. ಮರೆತೋನು ನಾನು."

"ಕೆಳಗಡೆ ವಾಲ್ವು ತಿರುಗಿಸಿದ್ರೆ ನಿಲ್ತಿತ್ತು. ನನಗೆ ಗೊತ್ತಿತ್ತು ಅದು. ಗಾಬರೀಲಿ ನಿಮ್ಮನ್ನ ಕರೆದೆ." ಅವಳು ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಹೇಳಲು ಒಂದು ದಾರಿಯಾದರೂ ಇರುತ್ತಿತ್ತು. ಪ್ರೈಮರ್ ಡಬ್ಬವನ್ನೇ ನೋಡುತ್ತ ಕೇಳಿದಳು, "ಇದನ್ನ ನನಗ್ಯಾಕೆ ಹೇಳಿದ್ರಿ?"

"ನೀನೇ ಕೇಳಿದೆ."

"ಕೇಳಿದ್ರೆ? ಬೈಕ್ ಮೇಲೆ ಆಸೆ ಅಂತ ಹೇಳ್ಬಹುದಿತ್ತು. ತಲೆ ಕೆಟ್ಟಿದೆ ಅಂತ ಹೇಳ್ಬಹುದಿತ್ತು. ಮರಳು ಅಂತ ಇದ್ದೆ ನಾನು. ಆ ಮರಳು ಸುರಿದೋರಿಗೆ ದಿನಾ ಶಾಪ ಹಾಕ್ಕೊಂಡು ಹೇಗೋ ಇದ್ದೆ. ನಿಮಗೆ ಒಬ್ಬರೇ ಹೊರೋಕಾಗ್ಲಿಲ್ಲ, ತಂದು ನನ್ನ ತಲೆ ಮೇಲೂ ಇಟ್ರಿ."

ಎದ್ದು ಸೆರಗು ಕೊಡವಿ ಒಳಗೆ ಹೋದಳು. ಪ್ರೈಮರ್ ಅರ್ಧ ಹಚ್ಚಿದ ಪೈಪು ಬಿಸಿಲಿಗೆ ಒಣಗಿತು. ಮರುದಿನ ಗುಜರಿಯವನು ಕೈಗಾಡಿ ತಂದು ಬೈಕನ್ನೂ ಫೋರ್ಕುಗಳನ್ನೂ ಹೊತ್ತೊಯ್ದ. ಅವನನ್ನು ಕರೆಸಿದ್ದು ಅವಳು. ಬಾಗಿಲು ತೆರೆದುಕೊಟ್ಟದ್ದು ಇವನು.

ಮತ್ತೆ ಅಂಗಡಿ ತೆರೆದ. ಆದರೆ ಕೈ ಮೊದಲಿನ ಕೈಯಾಗಿರಲಿಲ್ಲ. ಒಂದು ಯಂತ್ರ ಜೋಡಿಸಿ ಮುಗಿಸಿ ಮೇಲ್ಮುಚ್ಚಳ ಹಾಕಿದ ಕೂಡಲೇ ಒಳಗೆ ಏನೋ ಬಿಟ್ಟಿದ್ದೇನೆ ಎನಿಸುತ್ತಿತ್ತು. ಬಿಚ್ಚಿ ನೋಡುತ್ತಿದ್ದ, ಎಲ್ಲ ಸರಿಯಿರುತ್ತಿತ್ತು. ಹಾಕುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ರವಿಕೆ ಹೊಲಿಯುವ ಹೆಂಗಸೊಬ್ಬಳು ಅರ್ಧ ದಿನ ಕಾದು ಕೂತು, ನಾಲ್ಕನೆಯ ಸಲ ಅವನು ಸ್ಕ್ರೂಡ್ರೈವರ್ ಎತ್ತಿಕೊಂಡಾಗ, "ಅಣ್ಣಾ, ಸಾಕು ಕೊಡಿ, ಚೆನ್ನಾಗೇ ಇದೆ" ಎಂದು ಕೈ ಹಿಡಿದಳು. ಅವನು ಯಂತ್ರವನ್ನು ಅವಳ ಕಡೆ ಸರಿಸಿ, "ಬೇರೆ ಕಡೆ ತೋರಿಸಮ್ಮ" ಎಂದ. ಅಲ್ಲಿಂದ ರಿಪೇರಿ ನಿಂತಿತು. ಸೂಜಿ, ಬಾಬಿನ್, ಬೆಲ್ಟು ಮಾರಿಕೊಂಡು ಕೂತ.

ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಇಳಿದಿತ್ತು. ಊಟಕ್ಕೆ ಬನ್ನಿ, ಗ್ಯಾಸ್ ಮುಗಿದಿದೆ, ಬಾಗಿಲು ಹಾಕ್ಕೊಳ್ಳಿ. ಜಗಳವೆಂಬುದು ಇರಲಿಲ್ಲ. ಅವಳು ಅಡುಗೆಮನೆಯ ನಲ್ಲಿಯನ್ನು ಬಳಸುವುದನ್ನೇ ಬಿಟ್ಟಿದ್ದಳು. ಬಚ್ಚಲಿನಿಂದ ಕೊಡದಲ್ಲಿ ನೀರು ಹೊತ್ತು ತಂದು ಪಾತ್ರೆ ತೊಳೆಯುತ್ತಿದ್ದಳು. ಅವನು ನೋಡಿಯೂ ನೋಡದಂತಿದ್ದ. ಒಮ್ಮೆ ಕೊಡ ಇಸಿದುಕೊಳ್ಳಲು ಕೈಚಾಚಿದಾಗ ಅವಳು ಪಕ್ಕಕ್ಕೆ ಸರಿದು ಮುಂದೆ ಹೋದಳು.

ಹೀಗೇ ಎರಡು ತಿಂಗಳಾದ ಮೇಲೆ ಒಂದು ದಿನ ಮನೆಯ ತಾರಸಿಯ ಮೇಲೆ ಅವಳು ಬಟ್ಟೆ ಒಣಹಾಕುತ್ತಿದ್ದಳು. ದೊಡ್ಡ ಹೊದಿಕೆ ಹಿಂಡಲು ಒಬ್ಬಳಿಂದ ಆಗುತ್ತಿರಲಿಲ್ಲ. ಅವನು ಹೋಗಿ ಕೇಳದೆಯೇ ಒಂದು ತುದಿ ಹಿಡಿದ. ಅವಳು ಆ ಕಡೆಯಿಂದ, ಇವನು ಈ ಕಡೆಯಿಂದ ತಿರುಚಿದರು. ನೀರು ಇಬ್ಬರ ಪಾದಗಳ ನಡುವೆ ಸುರಿಯಿತು.

"ಎಣ್ಣೆ ಇದ್ದಿದ್ರೆ ಬದುಕ್ತಿದ್ನಾ?" ಎಂದು ಕೇಳಿದಳು, ಬಟ್ಟೆಯಿಂದ ಕಣ್ಣು ತೆಗೆಯದೆ.

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ಬೇಡಿ. ಹೂಂ ಅನ್ನಿ, ಇಲ್ಲ ಅನ್ನಿ. ಏನಾದ್ರೂ ಒಂದು ಅನ್ನಿ. ಸುಳ್ಳಾದ್ರೂ ಪರವಾಗಿಲ್ಲ, ನಂಬ್ತೀನಿ."

ಇಲ್ಲ ಎಂದು ಹೇಳಬೇಕೆಂದು ಅವನು ಬಾಯಿ ತೆರೆದ. ಎರಡಕ್ಷರದ ಮಾತು. ಹೊರಬರಲಿಲ್ಲ. ಅವಳು ಹೊದಿಕೆಯನ್ನು ತಂತಿಯ ಮೇಲೆ ಎಸೆದು, ಮಡಿಕೆ ಬಿಡಿಸಿ, ಒಂದು ಕ್ಲಿಪ್ಪು ಹಾಕಿದಳು. ಇನ್ನೊಂದು ಹಾಕಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದು ಕಾದಳು.

"ಇಲ್ಲ" ಎಂದ ಆಗ. "ಬದುಕ್ತಿರಲಿಲ್ಲ."

ಅವಳು ಅವನನ್ನೊಮ್ಮೆ ನೋಡಿದಳು. ಕೋಪವೂ ಇರಲಿಲ್ಲ ಆ ನೋಟದಲ್ಲಿ.

"ಇಷ್ಟು ಹೊತ್ತು ಯೋಚನೆ ಮಾಡಿ ಹೇಳಿದ್ರೆ ಹೇಗೆ ನಂಬಲಿ?" ಎಂದು ಖಾಲಿ ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.